ಬಂದೂಕಿನ ಮುಚ್ಚಳ

ನಾಗಪುರದ ಸದರ್‌ನ ಆ ಹಳೆಯ ಬಂದೂಕಿನ ಅಂಗಡಿಯಲ್ಲಿ ಜೋಶಿಯವರು ಆಗಲೇ ಮನಸ್ಸು ಮಾಡಿಬಿಟ್ಟಿದ್ದರು.

ಕೈಯಲ್ಲಿ ಫಳಫಳ ಹೊಳೆಯುವ ರೈಫಲ್. ಕಬ್ಬಿಣಕ್ಕೆಲ್ಲ ಕ್ರೋಮ್, ಮರಕ್ಕೆ ವಾರ್ನಿಶ್, ಹೆಗಲಿಗೆ ಹಾಕಲು ಬಿಳಿ ಪಟ್ಟಿ.

“ಹೆಂಗದ?” ಅಂತ ಹೆಂಡತಿಯನ್ನು ಕೇಳಿದರು.

“ಮದುವಿ ಬ್ಯಾಂಡಿನವರ ಪೀಪಿ ಇದ್ದಂಗದ,” ಅಂದಳು ವತ್ಸಲಾ.

ಇದು ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ನಮ್ಮವರು ತೀರಿಕೊಂಡು ಎಂಟು ತಿಂಗಳಾಗಿತ್ತು. ಅವರು ಸೈನ್ಯದ ವರ್ಕ್‌ಶಾಪಿನಲ್ಲಿ ರೈಫಲ್ ರಿಪೇರಿ ಮಾಡುತ್ತಿದ್ದವರು.

ಲಕ್ಷ್ಮೀ ನಗರದಲ್ಲಿ ಜೋಶಿಯವರದು ನಮ್ಮ ಪಕ್ಕದ ಮನೆ. ಮೂಲ ಧಾರವಾಡ. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಅವರಿಗೆ ಹಳೆಯ ಮಿಲಿಟರಿ ಬಂದೂಕು ಸಂಗ್ರಹಿಸುವ ಹುಚ್ಚು ಹಿಡಿಯಿತು. ಗುಂಡು ಹಾರದಂತೆ ಮಾಡಿದ, ಕಾಗದಪತ್ರ ಸರಿಯಿರುವ ಬಂದೂಕುಗಳು ಮಾತ್ರ.

ಸಂಗ್ರಹ ಅಂದರೆ… ವತ್ಸಲಾ ಒಪ್ಪಿದ್ದು ಒಂದಕ್ಕೆ.

“ಎರಡನೇ ಬಂದೂಕ ಒಳಗ ಬಂದ್ರ ಮೊದಲನೇ ಹೆಂಡತಿ ಹೊರಗ ಹೋಗ್ತಾಳ,” ಅಂತ ಸಾರಿಬಿಟ್ಟಿದ್ದಳು.

ಹಾಗಾಗಿ ಆ ಒಂದು ತಪ್ಪುವಂತಿರಲಿಲ್ಲ. ನೋಡಿದವರು ‘ಓಹೋ’ ಅನ್ನಬೇಕು ಅಂತ ಜೋಶಿಯವರ ಆಸೆ. ಆರಿಸಿಕೊಡುತ್ತೇನೆಂದು ನಮ್ಮವರು ಮಾತು ಕೊಟ್ಟಿದ್ದರು. ಮಾತು ಕೊಟ್ಟು ಹೋಗಿಬಿಟ್ಟರು.

“ವೈನಿ, ಅವನ ಬದಲಿ ನೀವರೆ ಬರ್ರಿ,” ಅಂತ ಜೋಶಿಯವರು ನನ್ನನ್ನು ಕರೆತಂದಿದ್ದರು. ನಾನು ಏಳನೆಯ ತರಗತಿ ಓದಿದವಳು. ಬಂದೂಕಿನ ಬಗ್ಗೆ ಗೊತ್ತಿದ್ದದ್ದು, ಊಟದ ಹೊತ್ತಿಗೆ ಅವರು ಹೇಳಿದ್ದಷ್ಟೇ. ಅದನ್ನೂ ನಾನು ಕಿವಿಗೊಟ್ಟು ಕೇಳಿದ್ದೆನೋ ಇಲ್ಲವೋ.

ಆ ಅಳುಕು ಎಂಟು ತಿಂಗಳಿಂದ ಎದೆಯಲ್ಲಿತ್ತು. ಇವತ್ತು ತಪ್ಪು ಆರಿಸಿದರೆ, ಕೇಳಿರಲೇ ಇಲ್ಲ ಅಂತ ಸಾಬೀತಾಗುತ್ತದೆ.

ಜೋಶಿಯವರು ರೈಫಲ್ ಕಟ್ಟಿಸಲು ಹೊರಟರು. ನನಗೆ ತಡೆಯಲಾಗಲಿಲ್ಲ.

“ಸೇಠ್‌ಜಿ, ಇಸಕೇ ಢಕ್ಕನ್ ಕಾ ನಂಬರ್ ದಿಖಾಓ,” ಅಂದೆ. ಇದರ ಮುಚ್ಚಳದ ನಂಬರ್ ತೋರಿಸಿ ಅಂತ.

ಅಂಗಡಿಯ ಮುದುಕ ಕನ್ನಡಕ ಏರಿಸಿ ನನ್ನನ್ನೇ ನೋಡಿದ. “ಢಕ್ಕನ್? ಬೆಹೆನ್‌ಜಿ, ಬರ್ತನ್ ಕೀ ದುಕಾನ್ ಸಾಮನೇ ಹೈ.”

ಪಾತ್ರೆ ಅಂಗಡಿ ಎದುರಿಗಿದೆ ಅಂದದ್ದಕ್ಕೆ ವತ್ಸಲಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ನನ್ನ ಮುಖವೆಲ್ಲ ಬಿಸಿ. ಆದರೂ ಬೆರಳು ಮಾಡಿ ತೋರಿಸಿದೆ… ಹಿಡಿ ಇರುತ್ತದಲ್ಲ, ಹಿಂದಕ್ಕೆ ಮುಂದಕ್ಕೆ ಸರಿಯುವ ಭಾಗ.

“ಅರೇ, ಬೋಲ್ಟ್!”

ಇರಬಹುದು. ನಮ್ಮ ಮನೆಯಲ್ಲಿ ಅದು ಕುಕ್ಕರಿನ ಮುಚ್ಚಳ. ಪ್ರತಿ ಕುಕ್ಕರಿಗೂ ತನ್ನದೇ ಮುಚ್ಚಳ. ಬಂದೂಕಿನಲ್ಲಿ ಈ ಮುಚ್ಚಳಕ್ಕೂ ಒಡಲಿಗೂ ಒಂದೇ ನಂಬರ್ ಹೊಡೆದಿರುತ್ತಾರೆ. ನಂಬರ್ ಬೇರೆಯಾದರೆ ಯಾರೋ ಮತ್ತೊಂದರ ಮುಚ್ಚಳ ತಂದು ಕೂರಿಸಿದ್ದಾರೆಂದೇ ಅರ್ಥ.

ಸೇಠ್‌ಜಿ ಭೂತಗನ್ನಡಿ ಹಿಡಿದ. ಮುಚ್ಚಳದ ಮೇಲೊಂದು ನಂಬರ್, ಒಡಲಿನ ಮೇಲೆ ಮತ್ತೊಂದು. ಅದೂ ಉಜ್ಜಿ ಉಜ್ಜಿ, ಕ್ರೋಮಿನ ಕೆಳಗೆ ಅರ್ಧ ಅಳಿಸಿಹೋಗಿದೆ.

“ಇತನಾ ತೋ ಚಲತಾ ಹೈ,” ಅಂತ ಮೆಲ್ಲಗೆ ಅಂದ. ಮುಖ ನೋಡಿದರೆ ಅವನಿಗೇ ಅದು ನಡೆಯುವಂತಿರಲಿಲ್ಲ.

ಅಷ್ಟರಲ್ಲಿ ಮೂಲೆಯಲ್ಲಿ ಒರಗಿಸಿದ್ದ ಒಂದು ರೈಫಲ್ ಕಂಡಿತು. ಮಾಸಿದ ಮರ, ಮಂಕು ಕಬ್ಬಿಣ. ನಳಿಕೆಯ ಕೆಳಗಿನ ಮರಕ್ಕೆ ಒತ್ತೊತ್ತಾಗಿ ತಾಮ್ರದ ತಂತಿ ಸುತ್ತಿದ್ದಾರೆ.

“ವೈನಿ, ಅದರ ಕೈ ಮುರದದ. ಪಟ್ಟಿ ಕಟ್ಟ್ಯಾರ ನೋಡ್ರಿ,” ಅಂದರು ಜೋಶಿಯವರು.

“ಮುರದಿಲ್ರಿ. ಒನಕಿಗೆ ಬಳಿ ಹಾಕ್ತಾರಲ್ಲ, ಕುಟ್ಟುವಾಗ ಸೀಳಬಾರದಂತ? ಹಂಗ. ಇದರಿಂದ ಗ್ರೆನೇಡ್ ಹಾರಸ್ತಿದ್ರು. ಆ ಹೊಡತಕ್ಕ ಮರ ಸೀಳಬಾರದಂತ ತಯಾರ ಮಾಡಿದಲ್ಲೇ ತಂತಿ ಸುತ್ತ್ಯಾರ.”

ಇಷ್ಟುದ್ದದ ಮಾತು ನಾನು ತಿಂಗಳುಗಟ್ಟಲೆ ಆಡಿರಲಿಲ್ಲ. ಸೇಠ್‌ಜಿ ಅದನ್ನು ತಂದು ಮೇಜಿನ ಮೇಲಿಟ್ಟ, ನಂಬರ್ ಓದಿದ. ಮುಚ್ಚಳಕ್ಕೂ ಒಡಲಿಗೂ ಒಂದೇ.

ಜೋಶಿಯವರ ಕಣ್ಣು ಇನ್ನೂ ಹೊಳೆಯುವುದರ ಮೇಲೇ. “ಆದ್ರ ವೈನಿ… ಮಂದಿ ಓಹೋ ಅನಬೇಕಲ್ಲ?”

“ಅದನ್ನ ನೋಡಿದವರು ‘ಛಂದ ಅದ’ ಅಂದು ಚಹಾ ಕುಡದು ಹೋಗ್ತಾರ. ಇದನ್ನ ನೋಡಿದವರು ‘ಇದಕ್ಕೇನಾತು?’ ಅಂತ ಕೇಳ್ತಾರ. ಆಗ ನೀವು ಹೇಳ್ಬಹುದು.”

ಜೋಶಿಯವರಿಗೆ ಹೇಳುವುದೆಂದರೆ ಪ್ರಾಣ. ಬಿಳಿ ಪಟ್ಟಿಯ ರೈಫಲನ್ನು ಕೆಳಗಿಟ್ಟರು.

“ಮುಗೀತು,” ಅಂದಳು ವತ್ಸಲಾ. “ಇನ್ನ ಬಂದವರು ಹೊಳ್ಳಿ ಹೋಗಾಂಗಿಲ್ಲ.”

ಕಾಗದಪತ್ರ ಬರೆಯುತ್ತ, ಜೋಶಿಯವರಿಂದ ನಮ್ಮವರ ಕೆಲಸದ ಸುದ್ದಿ ತಿಳಿದ ಸೇಠ್‌ಜಿ ಕೇಳಿದ, ನನ್ನ ಗಂಡನ ವರ್ಕ್‌ಶಾಪಿನಲ್ಲಿ ಎಲ್ಲರೂ ಢಕ್ಕನ್ ಅಂತಲೇ ಅನ್ನುತ್ತಿದ್ದರೇ ಎಂದು. ಹೌದು ಅನ್ನಲು ಬಾಯಿ ತೆರೆದೆ. ನಾನು ಹಾಗೇ ತಿಳಿದಿದ್ದೆ.

ಜೋಶಿಯವರೇ ಜೋರಾಗಿ ನಕ್ಕರು. “ಮಾಧವ? ಛೆ! ಬೋಲ್ಟಿಗೆ ಬೋಲ್ಟ್ ಅನ್ಲಿಲ್ಲಂದ್ರ ಕೈಕೆಳಗಿನವರ ಕಿವಿ ಹಿಂಡತಿದ್ದ. ಒಂದು ಸ್ಕ್ರೂ ಹೆಸರು ತಪ್ಪಿದ್ರ ಕೆಲಸಾ ನಿಲ್ಲಸ್ತಿದ್ದ.”

ಮೇಜಿನ ಮೇಲಿದ್ದ ರೈಫಲಿನ ಮುಚ್ಚಳವನ್ನು ಬೆರಳಿನಿಂದ ಸವರಿದೆ.

ಹಾಗಾದರೆ ಆ ಮುಚ್ಚಳ, ಆ ಒನಕೆ, ಆ ಬಳೆ… ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮೂವತ್ತು ವರ್ಷ, ದಿನಕ್ಕಿಷ್ಟಿಷ್ಟು, ಇಡೀ ಬಂದೂಕನ್ನು ಬಿಚ್ಚಿ ನನ್ನ ಅಡುಗೆಮನೆಗೆ ತಂದಿದ್ದರು.

ಆಟೋದಲ್ಲಿ ಜೋಶಿಯವರು ರೈಫಲನ್ನು ಮೊಮ್ಮಗನಂತೆ ಮಡಿಲಲ್ಲಿಟ್ಟುಕೊಂಡು ಕೂತಿದ್ದಾರೆ. ವತ್ಸಲಾ ನನ್ನನ್ನು ನೋಡಿ, “ಯಾಕ, ಅಳ್ಳಿಕತ್ತೀರೇನು?” ಅನ್ನುತ್ತಾಳೆ. ಧೂಳು ಅನ್ನುತ್ತೇನೆ. ನಾಗಪುರದಲ್ಲಿ ಧೂಳಿಗೇನು ಬರವೇ.

ನಿಮ್ಮೊಬ್ಬರಿಗಾಗಿಯೇ ಯಾರಾದರೂ ಹೀಗೆ ಒಂದು ಭಾಷೆ ಮಾಡಿಕೊಟ್ಟಿದ್ದಾರೆಯೇ?