ಪೂಜಾರಿ ಕ್ಯಾತಪ್ಪನ ಬರಿಗಾಲು

ಕ್ಯಾತಪ್ಪ ಸಕ್ಕರೆ ಕಾಯಿಲೆಯಿಂದ ಕಾಲು ಕಳೆದುಕೊಂಡ ಎಂದು ನಮ್ಮ ಹಟ್ಟಿಯವರು ಹೇಳುತ್ತಾರೆ. ಸುಳ್ಳು. ಕಾಯಿಲೆ ಅವನ ಮಾತು ಕೇಳಿತ್ತು, ಕೇಳದವರು ನಾವು.

ಮೂವತ್ತು ವರ್ಷ ಕುರಿಯ ಹಿಂದೆ ಅಲೆದ ಮನುಷ್ಯ. ಎಪ್ಪತ್ತೊಂಬತ್ತನೇ ಇಸವಿಯಲ್ಲಿ ಅಣ್ಣ ಸತ್ತು, ಹಟ್ಟಿಯ ದೇವರು ಜುಂಜಪ್ಪನ ಪೂಜೆ ಅವನ ಹೆಗಲಿಗೆ ಬಿತ್ತು. ನಮ್ಮ ಹಟ್ಟಿಯ ಕಟ್ಟಳೆಯಂತೆ ಪೂಜಾರಿ ಕುರಿ ಕಾಯುವಂತಿಲ್ಲ, ಕಾಲಿಗೆ ಮೆಟ್ಟು ಹಾಕುವಂತಿಲ್ಲ. ಕ್ಯಾತಪ್ಪ ಗುಡಿಯ ಕಟ್ಟೆ ಮೇಲೆ ಕೂತ. ಭಕ್ತರು ತಂದ ಬಾಳೆಹಣ್ಣು, ಬೆಲ್ಲದನ್ನ ತಿಂದ. ಐದು ವರ್ಷದಲ್ಲಿ ಹೊಟ್ಟೆ ಬಂತು, ಅಂಗಾಲು ಜೋಮು ಹಿಡಿಯಿತು.

ನಾನು ಆಗ ಶಿರಾದಲ್ಲಿ ಒಬ್ಬ ಡಾಕ್ಟರ ಹತ್ತಿರ ಕಾಂಪೌಂಡರ್. ಅವನನ್ನು ಕರೆತಂದೆ. ರಕ್ತ ನೋಡಿ ಡಾಕ್ಟರು, "ದಿನಾ ಒಂದು ಗಂಟೆ ಬಿರುಸಾಗಿ ನಡಿ. ನಡೆದರೆ ಮೈಯಲ್ಲಿರೋ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡುತ್ತೆ. ಸಕ್ಕರೆ ಇಳಿಯುತ್ತೆ, ರಕ್ತದ ಕೊಬ್ಬೂ ಇಳಿಯುತ್ತೆ. ಆದರೆ ಚಪ್ಪಲಿ ಇಲ್ಲದೆ ಹೆಜ್ಜೆ ಇಡಬೇಡ" ಎಂದರು.

ಕ್ಯಾತಪ್ಪ ನನ್ನ ಮುಖ ನೋಡಿದ. "ನಡೆಯಾದು ಯಾವ ಲೆಕ್ಕ ಬುಡು. ಮೆಟ್ಟು ಹೆಂಗ್ಲಾ ಹಾಕ್ಕಳ್ಳಿ? ನೀನು ಓದ್ದೋನು, ಗೌಡುನ್ನ ಒಂದ್ಮಾತು ಕೇಳು."

ಕೇಳಿದೆ. "ದೇವ್ರು ಕೊಟ್ಟ ಕಾಲಿಗೆ ದೇವ್ರೇ ಕಾವಲು ಕಣ್ಲಾ" ಎಂದ ಹಟ್ಟಿಯ ಗೌಡ ದೊಡ್ಡರಂಗಪ್ಪ. ಜೋಮು ಹಿಡಿದ ಕಾಲಿಗೆ ಮುಳ್ಳು ಚುಚ್ಚಿದರೂ ತಿಳಿಯುವುದಿಲ್ಲ ಎನ್ನಬೇಕಿತ್ತು. ಅನ್ನಲಿಲ್ಲ. ತಂಗಿಯ ಮದುವೆ ಹತ್ತಿರವಿತ್ತು, ಗೌಡ ಮುನಿದರೆ ಅದು ನಡೆಯುತ್ತಿರಲಿಲ್ಲ. ನಾನು ಹೇಡಿ.

ಕ್ಯಾತಪ್ಪ ನಡೆದ. ಪೂಜೆ ಮುಗಿಸಿ ದಿನಾ ಕೆರೆ ಏರಿಯ ತುದಿ ಮುಟ್ಟಿ ಬರುತ್ತಿದ್ದ, ಬರಿಗಾಲಲ್ಲಿ. "ಮೈ ಅಗುರಾಯ್ತು ಕಣ್ಲಾ" ಎಂದು ನಗುತ್ತಿದ್ದ. ಆರು ತಿಂಗಳಿಗೆ ಮತ್ತೆ ರಕ್ತ ತೆಗೆದು ತುಮಕೂರಿಗೆ ಕಳಿಸಿದೆವು. ಚೀಟಿ ಬರಲು ತಿಂಗಳಾಯಿತು. ಅಷ್ಟರಲ್ಲಿ ಅವನ ಹೆಂಡತಿ ಜುಂಜಮ್ಮ ಅಂಗಾಲಿನಿಂದ ಕೀವು ಸೋರುವುದನ್ನು ಕಂಡಳು. ಜಾಲಿ ಮುಳ್ಳು ಒಳಗೇ ಮುರಿದು ಎಷ್ಟು ದಿನವಾಗಿತ್ತೋ. ಬಲಗಾಲನ್ನು ಮೊಣಕಾಲ ಕೆಳಗೆ ಕತ್ತರಿಸಿದರು.

ಆಮೇಲೆ ಚೀಟಿ ಬಂತು. ಸಕ್ಕರೆ ಇಳಿದಿತ್ತು, ಕೊಬ್ಬು ಇಳಿದಿತ್ತು. ಡಾಕ್ಟರು ಓದಿ ಮೇಜಿನ ಮೇಲೆ ಮಗುಚಿಟ್ಟರು.

ಅಂಗ ಊನವಾದವನು ದೇವರನ್ನು ಮುಟ್ಟಬಾರದೆಂದು ಹಟ್ಟಿ ಅವನ ಪೂಜೆ ಬಿಡಿಸಿತು. ಆ ಸುದ್ದಿ ತಂದವನು ದೊಡ್ಡರಂಗಪ್ಪನೇ, ಕಾಲಿನ ಹೊಸ ಎಕ್ಕಡ ಕಿರುಗುಟ್ಟಿಸುತ್ತಾ. ಅವನು ಹೋದ ಮೇಲೆ ಕ್ಯಾತಪ್ಪ ನನ್ನನ್ನು ಕೇಳಿದ: "ಅಂಗಾರೆ ಈಗ ಮೆಟ್ಟು ಹಾಕ್ಕಬೌದಾ?"

ಶಿರಾ ಪೇಟೆಯಲ್ಲಿ ಒಂದು ಜೊತೆ ಕೊಂಡೆ. ಒಂದನ್ನೇ ಯಾರೂ ಮಾರುವುದಿಲ್ಲ. ಎಡಗಾಲಿನದು ಅವನಿಗೆ ಕೊಟ್ಟೆ. ಬಲಗಾಲಿನದು ಇನ್ನೂ ನನ್ನ ಮನೆಯಲ್ಲಿದೆ.