ಮಾವನವರ ಲೋಟ

ನಮ್ಮ ಮನೆಯಲ್ಲಿ ಸತ್ತವರಿಗೂ ಸಾಯಂಕಾಲವಾದರೆ ಬಾಯಾರುತ್ತಿತ್ತು. ಹಲಸೂರಿನಿಂದ ಹೊರಮಾವಿಗೆ ಸೊಸೆಯಾಗಿ ಬಂದ ಮೇಲೆ ನಾನು ಕಲಿತ ಮೊದಲ ಪಾಠ ಇದು. ಮಹಾಲಯ ಅಮಾವಾಸ್ಯೆಯ ದಿನ ನಡುಮನೆಯ ಪಕ್ಕದ ಕೋಣೆಯಲ್ಲಿ ಹಿರಿಯರಿಗೆ ಎಡೆ ಇಡುತ್ತಿದ್ದರು. ಬಾಳೆಲೆಯ ಮೇಲೆ ಮುದ್ದೆ, ಮಟನ್ ಸಾರು, ವಡೆ, ಕಡುಬು. ಪಕ್ಕದಲ್ಲಿ ಹೊಸ ಪಂಚೆ, ಒಂದು ಕಟ್ಟು ಬೀಡಿ. ಅದರ ಪಕ್ಕ, ನಮ್ಮ ಮಾವನವರು ಬದುಕಿದ್ದಾಗ ಬಳಸುತ್ತಿದ್ದ ಗಾಜಿನ ಲೋಟದ ತುಂಬ ಬ್ರಾಂದಿ. ಆಮೇಲೆ ಎಲ್ಲರೂ ಬಾಗಿಲು ಎಳೆದುಕೊಂಡು ಹೊರಗೆ ಬಂದು ಕೂರಬೇಕು. ಸತ್ತವರು ಉಣ್ಣುವಾಗ ಬದುಕಿದ್ದವರು ಇಣುಕಬಾರದು. ಸ್ವಲ್ಪ ಹೊತ್ತು ಬಿಟ್ಟು ಹಿರಿಯ ಮಗ ಬಾಗಿಲು ತಟ್ಟಿ, ಒಬ್ಬನೇ ಒಳಗೆ ಹೋಗಿ, ಕರ್ಪೂರ ಹಚ್ಚಿ ಮಿಕ್ಕವರನ್ನು ಕರೆಯಬೇಕು.

ಹಿರಿಯ ಮಗ ನನ್ನ ಗಂಡ. ಒಂದು ಬಿಲ್ಲೆ ಕರ್ಪೂರ ಹಚ್ಚುವುದಕ್ಕೆ ಅವರಿಗೆ ಬಹಳ ಹೊತ್ತು ಹಿಡಿಯುತ್ತಿತ್ತು. ನಾವು ಒಳಗೆ ಹೋದಾಗ ಲೋಟ ಖಾಲಿ.

"ನೋಡು ಅಮ್ಮಣ್ಣಿ, ಬಂದು ಕುಡ್ಕೊಂಡು ಹೋಗವ್ರೆ," ಎಂದು ಅತ್ತೆ ನನಗೆ ತೋರಿಸಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

ವರ್ಷವೆಲ್ಲ ಮುಖ ಗಂಟಿಕ್ಕಿಕೊಂಡಿರುತ್ತಿದ್ದ ಹೆಂಗಸು ಆ ಒಂದು ದಿನ ಎಲ್ಲರಿಗೂ ಬಡಿಸಿ, ನನ್ನನ್ನೂ ಕರೆದು ಪಕ್ಕದಲ್ಲಿ ಕೂರಿಸಿಕೊಂಡು ಉಣ್ಣುತ್ತಿದ್ದರು. ನನಗೆ ಮೊದಲ ವರ್ಷವೇ ವಿಷಯ ಗೊತ್ತಾಗಿತ್ತು. ಬ್ರಾಂದಿಯ ವಾಸನೆ ಸ್ವರ್ಗದ ಕಡೆಯಿಂದ ಬರುತ್ತಿರಲಿಲ್ಲ, ಪಕ್ಕದಲ್ಲಿ ನಿಂತ ಗಂಡನ ಬಾಯಿಂದ ಬರುತ್ತಿತ್ತು. ಆಮೇಲೆ ಕುಡಿತ ಹೆಚ್ಚಾದಾಗಲೂ, ಮುನ್ನೂರ ಅರವತ್ತು ದಿನ ಕುಡಿಯುವವರು ಅವತ್ತು ಒಂದು ಲೋಟ ಜಾಸ್ತಿ ಕುಡಿದರೆ ಮುಳುಗುವುದೇನು, ಅತ್ತೆಯ ಸಂತೋಷಕ್ಕೆ ಯಾಕೆ ಕಲ್ಲು ಹಾಕಬೇಕು ಎಂದು ಬಾಯಿ ಮುಚ್ಚಿಕೊಂಡಿದ್ದೆ.

ಅವರು ಹುಟ್ಟು ಕುಡುಕರೇನಲ್ಲ. ನಾನು ಬಂದ ಹೊಸದರಲ್ಲಿ ಮನೆಯ ಹಿಂದೆ ರಾಗಿ ಹೊಲವಿತ್ತು, ಸಂಜೆಯವರೆಗೂ ಅಲ್ಲೇ ದುಡಿಯುತ್ತಿದ್ದರು. ಹೊಲ ಸೈಟುಗಳಾಯಿತು. ಹೊಲ ಹೋದ ಮೇಲೆ ಕೆಲಸ ಹೋಯಿತು, ಕೆಲಸ ಹೋದ ಮೇಲೆ ಅವರಿಗೆ ಮಧ್ಯಾಹ್ನಕ್ಕೇ ಸಂಜೆಯಾಗತೊಡಗಿತು. ನಾನು ಕಮರ್ಷಿಯಲ್ ಸ್ಟ್ರೀಟಿನ ಒಂದು ಅಂಗಡಿಯಿಂದ ಸೀರೆಗಳನ್ನು ತಂದು ಮನೆಯಲ್ಲಿ ಫಾಲ್ ಹಾಕಿಕೊಡುತ್ತಿದ್ದೆ. ಸಂಸಾರ ಆ ಅಂಚಿನ ಮೇಲೆಯೇ ನಡೆಯಿತು. ಬಸ್ಸಿನಲ್ಲಿ ಸೀರೆಗಂಟು ತೊಡೆಯ ಮೇಲಿಟ್ಟುಕೊಂಡು ಬರುವಾಗ ಯಾವುದಾದರೂ ಬಾರಿನ ಮುಂದೆ ಅವರು ಕಂಡರೆ ಇನ್ನೊಂದು ಕಡೆಯ ಕಿಟಕಿ ನೋಡುತ್ತಿದ್ದೆ.

ಒಂದು ಸಲ ತಾವಾಗಿಯೇ ಬಿಟ್ಟರು. ಒಂದು ಮಳೆಗಾಲ ಪೂರ್ತಿ ಮುಟ್ಟಲಿಲ್ಲ. ಆಮೇಲೆ ಕೆ.ಆರ್. ಪುರದಲ್ಲಿ ನೆಂಟರ ಮದುವೆ. ಯಾರೋ "ಒಂದೇ ಗುಟುಕು ಮಗಾ, ಏನಾಗಲ್ಲ" ಎಂದರು. ಏನಾಯಿತೆಂದರೆ, ಆ ವಾರ ಕಳೆಯುವಷ್ಟರಲ್ಲಿ ಅವರನ್ನು ಮೋರಿಯ ಪಕ್ಕದಿಂದ ಆಟೋದಲ್ಲಿ ಹಾಕಿಕೊಂಡು ಬಂದೆವು.

ಎರಡನೆಯ ಸಲ ಬೆನ್ಸನ್ ಟೌನಿನ ಒಂದು ಹಳೇ ಬಂಗಲೆಗೆ ಸೇರಿಸಿದೆ. ಕುಡಿತ ಬಿಡಿಸುವ ಜಾಗ ಅದು. ಮನೆಗೆ ಕಳಿಸುವ ದಿನ ಅಲ್ಲಿನ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದರು. "ನಿಮ್ಮ ಯಜಮಾನ್ರಿಗೆ ಕಮ್ಮಿ ಕುಡಿಯೋದು ಅನ್ನೋದೇ ಇಲ್ಲಮ್ಮ. ಒಂದು ಗುಟುಕು ಅಂದ್ರೆ ಮತ್ತೆ ಮೊದಲಿನ ಜಾಗಕ್ಕೇ ಬಂದ್ಬಿಡ್ತಾರೆ," ಎಂದರು. ನನಗೆ ಹೇಳಬೇಕಾಗಿರಲಿಲ್ಲ. ಮೋರಿ ನೋಡಿದವಳು ನಾನು.

ಬಿಡುವುದು ಒಂದು ಕೆಲಸ. ಬಿಟ್ಟ ಮೇಲೆ ಸಾಯಂಕಾಲ ಏನು ಮಾಡುವುದು ಎನ್ನುವುದು ಬೇರೆಯೇ ಕೆಲಸ, ಅದನ್ನು ಯಾರೂ ಹೇಳಿಕೊಡುವುದಿಲ್ಲ. ಐದು ಗಂಟೆಯಾದರೆ ಅವರು ಚಪ್ಪಲಿ ಹಾಕುವುದು, ಬಿಚ್ಚುವುದು, ಗೇಟಿನವರೆಗೆ ಹೋಗುವುದು, ಬರುವುದು. ನೋಡಿ ನೋಡಿ ನನಗೇ ತಲೆ ಕೆಟ್ಟು, "ಒಂದೋ ಹೋಗಿ, ಇಲ್ಲ ಕೂತ್ಕೊಳ್ಳಿ!" ಎಂದು ಕಿರುಚಿದ್ದೂ ಉಂಟು. ಕೊನೆಗೆ ಒಂದು ದಿನ ಹಿತ್ತಲಿನ ಖಾಲಿ ಕೊಟ್ಟಿಗೆಗೆ ಒಂದು ಸೀಮೆಹಸುವನ್ನು ಹೊಡೆದುಕೊಂಡು ಬಂದರು. ಊರೆಲ್ಲ ಹಸು ಮಾರಿ ಬಾಡಿಗೆ ಮನೆ ಕಟ್ಟಿಸುತ್ತಿದ್ದಾಗ ಇವರು ಹಸು ತಂದರು ಎಂದು ಬೀದಿಯವರು ನಕ್ಕರು. ನಾನೂ ನಕ್ಕೆ.

ಹಸುವಿನ ಉಪಯೋಗ ನನಗೆ ಆಮೇಲೆ ತಿಳಿಯಿತು. ಅದು ಸರಿಯಾಗಿ ಐದು ಗಂಟೆಗೆ ಕೂಗುತ್ತದೆ. ಕೆಚ್ಚಲು ತುಂಬಿದ ಹಸುವಿಗೆ "ಇರು, ಈಗ ಬಂದೆ" ಎಂದು ಹೇಳಿ ಬಾರಿಗೆ ಹೋಗಲು ಆಗುವುದಿಲ್ಲ. ಹಾಲು ಕರೆದು, ಹುಲ್ಲು ಹಾಕಿ, ಕ್ಯಾನು ತೊಳೆಯುವಷ್ಟರಲ್ಲಿ ಕತ್ತಲಾಗುತ್ತಿತ್ತು. ಬೆಳಗಿನ ಜಾವ ಮತ್ತೆ ಏಳಬೇಕು, ಹಾಗಾಗಿ ಎಂಟು ಗಂಟೆಗೆಲ್ಲ ಗೊರಕೆ. ಒಂದು ಹಸು ಎರಡಾಯಿತು. ಹೊಸದಾಗಿ ಎದ್ದ ಅಪಾರ್ಟ್‌ಮೆಂಟುಗಳಿಗೆ ಸೈಕಲ್ಲಿನಲ್ಲಿ ಹಾಲು ಹಾಕತೊಡಗಿದರು. ಅಲ್ಲೊಬ್ಬರು ಹುಬ್ಬಳ್ಳಿ ಕಡೆಯ ಹೆಂಗಸು ಎರಡನೇ ಮಹಡಿಯಿಂದಲೇ, "ಅಣ್ಣಾರ, ನಾಳಿಗಿ ಅರ್ಧ ಲೀಟರ್ ಜಾಸ್ತಿ ಹಾಕ್ರಿ, ಮೊಸರಿಗೆ ಬೇಕ್ರಿ!" ಎಂದು ಕೂಗುತ್ತಿದ್ದರಂತೆ. ಮನೆಗೆ ಬಂದು ಅದನ್ನು ಅದೇ ರಾಗದಲ್ಲಿ ಹೇಳಿ ತೋರಿಸುತ್ತಿದ್ದರು. ಅವರನ್ನು ಯಾರಾದರೂ ಅಷ್ಟು ಮರ್ಯಾದೆಯಿಂದ ಕರೆದು ವರ್ಷಗಳೇ ಆಗಿದ್ದವು.

ಭಾನುವಾರ ಶಿವಾಜಿನಗರದಲ್ಲಿ, ಒಂದು ಚರ್ಚಿನ ಪಕ್ಕದ ಕೋಣೆಯಲ್ಲಿ, ಕುಡಿತ ಬಿಟ್ಟವರು ಸೇರುತ್ತಿದ್ದರು, ಇವರೂ ಹೋಗುತ್ತಿದ್ದರು. ಒಬ್ಬರು ತಮಿಳಿನಲ್ಲಿ, ಒಬ್ಬರು ಉರ್ದುವಿನಲ್ಲಿ, ಇನ್ನೊಬ್ಬರು ಇಂಗ್ಲಿಷಿನಲ್ಲಿ ತಮ್ಮ ತಮ್ಮ ಪಾಡು ಹೇಳಿಕೊಳ್ಳುತ್ತಿದ್ದರಂತೆ. "ನಿಮಗೆ ಅರ್ಥ ಆಗತ್ತಾ?" ಎಂದು ಕೇಳಿದ್ದಕ್ಕೆ, "ಎಲ್ಲಾ ಭಾಷೇಲೂ ಒಂದೇ ಕಥೆ ಕಣೇ," ಎಂದರು.

ನಾನು ಮಾತ್ರ ಅಷ್ಟು ಸುಲಭಕ್ಕೆ ನಂಬಲಿಲ್ಲ. ಅವರು ಬಾಗಿಲಿಗೆ ಬಂದರೆ ಮೊದಲು ನನ್ನ ಮೂಗು ಎದ್ದು ನಿಲ್ಲುತ್ತಿತ್ತು. ನೀರು ಕೊಡುವ ನೆಪದಲ್ಲಿ ಮೂಸುತ್ತಿದ್ದೆ, ಅಂಗಿ ಒಗೆಯುವ ಮೊದಲು ಮೂಸುತ್ತಿದ್ದೆ. ಸಗಣಿ, ಹಿಂಡಿ, ಹಸಿ ಹಾಲು. ಅಷ್ಟು ವರ್ಷ ಅತ್ತರು ಬೇಕೆಂದು ಆಸೆಪಟ್ಟವಳಿಗೆ ಸಗಣಿ ವಾಸನೆಯಿಂದ ನೆಮ್ಮದಿಯ ನಿದ್ದೆ ಬರತೊಡಗಿತು.

ಕುಡಿತ ಬಿಟ್ಟ ಮೇಲೆ ಮೊದಲ ಮಹಾಲಯ ಅಮಾವಾಸ್ಯೆ ಬಂತು. ಎಡೆ ಇಟ್ಟರು, ಬಾಗಿಲು ಎಳೆದರು. ಗಂಡ ಒಳಗೆ ಹೋದವರೇ ಕರ್ಪೂರ ಹಚ್ಚಿ ತಕ್ಷಣ ಕರೆದರು. ಲೋಟದಲ್ಲಿ ಬ್ರಾಂದಿ ಇಟ್ಟ ಹಾಗೇ ತುಂಬಿ ನಿಂತಿತ್ತು. ನಮ್ಮಿಬ್ಬರಲ್ಲಿ ಯಾರೂ ಇದನ್ನು ಮೊದಲೇ ಯೋಚಿಸಿರಲಿಲ್ಲ.

"ಬರ್ಲಿಲ್ಲ," ಎಂದರು ಅತ್ತೆ. "ಮುಟ್ಟೇ ಇಲ್ಲ ಅವ್ರು." ಅಲ್ಲೇ ನೆಲದ ಮೇಲೆ ಕುಸಿದು ಕೂತರು. ಅವತ್ತು ಊಟ ಮಾಡಲಿಲ್ಲ.

ಕೊಟ್ಟಿಗೆಯಲ್ಲಿ ಗಂಡ ನನ್ನನ್ನು ಕೇಳಿದರು: "ಅಮ್ಮಂಗೆ ನಿಜ ಹೇಳ್ಬಿಡ್ಲಾ?"

"ಏನಂತ ಹೇಳ್ತೀರಿ? ನಿನ್ನ ಗಂಡ ಯಾವತ್ತೂ ಬಂದೇ ಇರ್ಲಿಲ್ಲ ಅಂತಾನಾ?"

ಅವರು ಬಗ್ಗಿ ಹಸುವಿನ ಮುಂದೆ ಹುಲ್ಲು ಹರಡಿದರು.

ಕಾರ್ತಿಕದಲ್ಲಿ ನಮ್ಮ ಹಸುವಿನ ಕರು ಸತ್ತಿತು. ಕರುಗಳು ಸಾಯುವುದು ಹೊಸದೇನಲ್ಲ, ಆದರೆ ಅತ್ತೆಗೆ ಅಷ್ಟು ಸಾಕಾಯಿತು. ಹಿರಿಯರು ಮುನಿಸಿಕೊಂಡಿದ್ದಾರೆ. ಅತ್ತೆಯ ಮೈದುನ, ನನಗೆ ಚಿಕ್ಕಮಾವ, ಇದಕ್ಕೆ ಪರಿಹಾರವನ್ನೂ ಕಂಡುಹಿಡಿದರು. ಊರಿಗೆಲ್ಲ ಉಪಾಯ ಹೇಳುವ ಮನುಷ್ಯ ಅವರು, ತಮ್ಮ ಮನೆಯದೊಂದು ಬಿಟ್ಟು. "ಮಗ ಮುಟ್ಟದೇ ಇರೋದನ್ನ ಅಪ್ಪ ಹೆಂಗೆ ಮುಟ್ತಾನೆ? ಎಡೆ ಇಡೋಕೆ ಮುಂಚೆ ಹಿರೀಮಗ ಒಂದು ಗುಟುಕು ತೀರ್ಥ ಅಂತ ತಗೊಂಡ್ರೆ ಎಲ್ಲಾ ಸರಿ ಹೋಯ್ತದೆ," ಎಂದರು.

ಅತ್ತೆ ವರ್ಷವೆಲ್ಲ ಆ ಮಾತನ್ನೇ ಜಪಿಸಿದರು. ಮಗ ಕುಡಿತ ಬಿಡಲಿ ಎಂದು ದೇವರಿಗೆ ಹರಕೆ ಹೊತ್ತವರೂ ಅವರೇ, "ಒಂದೇ ಗುಟುಕು ಕಣಪ್ಪ, ನಿಮ್ಮಪ್ಪನಿಗೋಸ್ಕರ," ಎಂದು ಮಗನ ಕೈ ಹಿಡಿದವರೂ ಅವರೇ. ಹಬ್ಬ ಇನ್ನೊಂದು ವಾರವಿದೆ ಎನ್ನುವಾಗ ಗಂಡ, "ಆಯ್ತಮ್ಮ," ಎಂದುಬಿಟ್ಟರು. ಅವರಮ್ಮ ಅತ್ತರೆ ಅವರಿಗೆ ಬೇಡ ಎನ್ನಲು ಬರುವುದಿಲ್ಲ. ನನಗೆ ಭಯವಾಯಿತು. ನನಗೆ ಭಯವಾದಾಗಲೆಲ್ಲ ಮೊದಲು ಬರುವುದು ಕೋಪ, ಆ ವಾರ ನಮ್ಮ ಮನೆಯ ಪಾತ್ರೆಗಳೆಲ್ಲ ನೆಗ್ಗಿಹೋದವು.

ಅಮಾವಾಸ್ಯೆಯ ದಿನ ಎಡೆಗೆ ಎಲ್ಲ ಸಿದ್ಧವಾಗುವಷ್ಟರಲ್ಲಿ ಸಂಜೆಯಾಗಿತ್ತು. ಚಿಕ್ಕಮಾವ ಲೋಟಕ್ಕೆ ಬ್ರಾಂದಿ ಬಗ್ಗಿಸಿ ಗಂಡನ ಕೈಗೆ ಕೊಟ್ಟರು. "ತಗೋ, ಕಣ್ಮುಚ್ಕೊಂಡು ಒಂದು ಗುಟುಕು." ಗಂಡ ಲೋಟವನ್ನು ಎದೆಯವರೆಗೆ ಎತ್ತಿದರು. ಅಲ್ಲೇ ಹಿಡಿದು ಅದನ್ನೇ ನೋಡಿದರು. ಆ ನೋಟ ಹೆದರಿಕೆಯದೋ ಆಸೆಯದೋ, ನನಗೆ ಇವತ್ತಿಗೂ ಹೇಳಲು ಬರುವುದಿಲ್ಲ. ಅತ್ತೆ ಕೈಮುಗಿದುಕೊಂಡು ನಿಂತಿದ್ದರು. ಲೋಟ ಗಲ್ಲದವರೆಗೆ ಬಂತು.

ಹಿತ್ತಲಿನಲ್ಲಿ ಹಸು ಕೂಗಿತು.

ನನ್ನ ಬಾಯಿ ತಡೆಯಲಿಲ್ಲ. "ಕುಡೀಲಿ ಬಿಡಿ ಚಿಕ್ಕಮಾವ. ಆದ್ರೆ ಇವತ್ತಿಂದ ಆ ಹಸುಗಳನ್ನ ನೀವು ಕರೀಬೇಕು. ನಾಳೆ ಬೆಳಗಿನ ಜಾವಕ್ಕೆ ಬಂದ್ಬಿಡಿ, ಕ್ಯಾನ್ ತೊಳೆದಿಟ್ಟಿರ್ತೀನಿ."

"ಹಿರಿಯರ ಕಾರ್ಯದಲ್ಲಿ ಹಸೂನ ತರ್ತೀಯಲ್ಲಮ್ಮ!" ಎಂದು ಅವರು ಗದರಿದರು.

ಹಸು ಇನ್ನೊಮ್ಮೆ ಕೂಗಿತು. ಗಂಡ ಲೋಟವನ್ನು ತಾಯಿಯ ಕೈಯಲ್ಲಿಟ್ಟರು. "ನನ್ ಕೈಲಿ ಆಗಲ್ಲಮ್ಮ. ನೀನೇ ಇಡು. ಅವಳು ಆಗ್ಲಿಂದ ಕೂಗ್ತಾವ್ಳೆ," ಎಂದು ಹಿತ್ತಲ ಬಾಗಿಲಿನಿಂದ ಹೊರಟೇಹೋದರು.

ಅತ್ತೆ ಲೋಟ ಹಿಡಿದುಕೊಂಡು ನಿಂತಲ್ಲೇ ನಿಂತರು. ಕೊಟ್ಟಿಗೆಯಿಂದ ಖಾಲಿ ಬಕೆಟ್ಟಿಗೆ ಹಾಲು ಬೀಳುವ ಸದ್ದು ಬಂತು. ಬಕೆಟ್ಟು ತುಂಬುತ್ತಾ ಬಂದಂತೆ ಸದ್ದು ಮೆತ್ತಗಾಯಿತು. ಅತ್ತೆ ಅದನ್ನು ಕೊನೆಯವರೆಗೂ ಕೇಳಿದರು. ಆಮೇಲೆ ತಾವೇ ಒಳಗೆ ಹೋಗಿ ಲೋಟವನ್ನು ಎಡೆಯ ಪಕ್ಕ ಇಟ್ಟು ಬಾಗಿಲು ಎಳೆದುಕೊಂಡು ಬಂದರು.

ಗಂಡ ಕೈಕಾಲು ತೊಳೆದು ಬಂದು ಬಾಗಿಲು ತಟ್ಟಿದರು. ಒಳಗೆ ಹೋಗಿ ಕರ್ಪೂರ ಹಚ್ಚಿ ಕರೆದರು. ಲೋಟ ಕಂಠಮಟ್ಟ ತುಂಬಿತ್ತು.

"ನೋಡಿದ್ರಾ ಅತ್ತಿಗೆ? ಈ ವರ್ಷಾನೂ ಬರ್ಲಿಲ್ಲ ಅಣ್ಣ," ಎಂದರು ಚಿಕ್ಕಮಾವ.

ಅತ್ತೆ ಬಗ್ಗಿ ಲೋಟವನ್ನು ನೋಡಿದರು. ಮಗನ ಮುಖ ನೋಡಿದರು. "ಬಂದವ್ರೆ," ಎಂದರು.

"ಲೋಟ ತುಂಬೈತಲ್ಲ?"

"ಬಂದವ್ರೆ ಕಣಯ್ಯ, ನೋಡವ್ರೆ. ಮಗ ಬಿಟ್ಟ ಅಂತ ಅವ್ರೂ ಬಿಟ್ಟವ್ರೆ."

ಗಂಡ ಗೋಡೆಯ ಕಡೆ ತಿರುಗಿ ನಿಂತು ಅತ್ತರು. ಲೋಟ ಇಷ್ಟು ವರ್ಷ ಹೇಗೆ ಖಾಲಿಯಾಗುತ್ತಿತ್ತು ಎನ್ನುವುದು ಅತ್ತೆಗೆ ಮೊದಲೇ ಗೊತ್ತಿತ್ತೋ ಇಲ್ಲವೋ, ನಾನು ಕೇಳಲಿಲ್ಲ. ಅವರು ಸಾಯುವವರೆಗೂ ಕೇಳಲಿಲ್ಲ.

"ಇದನ್ನ ಚೆಲ್ಲಿ, ಹಾಲು ತಗೊಂಡ್ಬಾ," ಎಂದು ಲೋಟವನ್ನು ನನ್ನ ಕೈಗೆ ಕೊಟ್ಟರು.

ಹಿತ್ತಲಲ್ಲಿ ಬ್ರಾಂದಿ ಚೆಲ್ಲಿ, ಲೋಟವನ್ನು ಉಜ್ಜಿ ಉಜ್ಜಿ ತೊಳೆದೆ. ಅಭ್ಯಾಸಬಲ, ಒಂದು ಸಲ ಮೂಸಿ ನೋಡಿದೆ. ಏನೂ ಇರಲಿಲ್ಲ. ಬಕೆಟ್ಟಿನಿಂದ ನೊರೆಹಾಲು ತುಂಬಿಕೊಂಡು ಏಳುವಾಗ ಒಳಗಿನಿಂದ ಅತ್ತೆ ಕೂಗಿದರು:

"ಸಕ್ಕರೆ ಹಾಕು ಅಮ್ಮಣ್ಣಿ. ನಿಮ್ ಮಾವಂಗೆ ಸಪ್ಪೆ ಹಾಲು ಸೇರಾಕಿಲ್ಲ."