ಬಿಳಿ ಪಿಕಪ್ಪಿನ ಒಳ್ಳೆಯ ಹೆಸರು

ಎಲಿಫಾಸ್ ಗಾನುಸೆಬ್ ಬೇಟೆಗೆ ಹೊರಟನೆಂದರೆ ನಮ್ಮೂರಲ್ಲಿ ಯಾರೂ ಅವಸರದಿಂದ ಒಲೆ ಹೊತ್ತಿಸುವುದಿಲ್ಲ. ಮಾಂಸ ಬರುವುದು ಸಂಜೆಗೋ ಮಾರನೆಯ ದಿನಕ್ಕೋ, ಅದೂ ಕತ್ತೆಗಾಡಿಯಲ್ಲಿ. ಮೃಗ ಕಾಯುವ ನಮ್ಮೂರ ಸಂಘದ ಬಿಳಿ ಪಿಕಪ್ ಡೀಸೆಲ್ ತುಂಬಿಕೊಂಡು ಆಫೀಸಿನ ಮುಂದೆ ನಿಂತೇ ಇರುತ್ತದೆ. ಆದರೂ ಎಲಿಫಾಸನ ಹೆಂಡತಿ ಹುಲ್ಡಾ ಮೂರು ಕತ್ತೆ ಕಟ್ಟಿಕೊಂಡು, ಕಲ್ಲುದಾರಿಯಲ್ಲಿ ಹನ್ನೆರಡು ಕಿಲೋಮೀಟರ್ ಹೋಗಿ, ಗಂಡ ಹೊಡೆದ ಮೃಗವನ್ನು ಹೇರಿಕೊಂಡು ಬರಬೇಕು.

ಯಾಕೆ ಎಂದು ಕೇಳಿದವರಿಗೆಲ್ಲ ಎಲಿಫಾಸನದು ಒಂದೇ ಉತ್ತರ. "ಆ ಗಾಡಿಗೆ ಒಳ್ಳೆ ಹೆಸರಿದೆ. ಕೆಡಿಸ್ಬೇಡಿ."

ಒಳ್ಳೆಯ ಹೆಸರಿರುವುದು ಊರಿನವರಲ್ಲಿ ಅಲ್ಲ. ಚಳಿಗಾಲದ ಬೆಳಗ್ಗೆ ಆ ಗಾಡಿಯನ್ನು ತಳ್ಳಿ ಸ್ಟಾರ್ಟ್ ಮಾಡಿದವರು ಅದಕ್ಕೆ ಇಟ್ಟಿರುವ ಹೆಸರುಗಳನ್ನು ಬರೆಯುವಂತಿಲ್ಲ. ಹೆಸರಿರುವುದು ನೀಳ ಕೊಂಬಿನ ಓರಿಕ್ಸ್‌ಗಳಲ್ಲಿ, ಜೀಬ್ರಾಗಳಲ್ಲಿ, ಸ್ಪ್ರಿಂಗ್‌ಬಕ್ ಜಿಂಕೆಗಳಲ್ಲಿ. ಆ ಪಿಕಪ್ ತಮ್ಮ ಪಕ್ಕದಲ್ಲೇ ಗಡಗಡ ಎಂದು ಹೋದರೂ ಅವು ತಲೆಯೆತ್ತಿ ನೋಡಿ, ಓಹೋ ಇದಾ, ಎಂಬಂತೆ ಮತ್ತೆ ಹುಲ್ಲಿಗೆ ಬಾಯಿ ಹಾಕುತ್ತವೆ. ಅದೊಂದು ನೋಟಕ್ಕಾಗಿ ಎಲಿಫಾಸ್ ಹನ್ನೊಂದು ವರ್ಷ ದುಡಿದಿದ್ದಾನೆ.

ಅವನಿಗೀಗ ಅರವತ್ತೊಂದು. ಹತ್ತೊಂಬತ್ತರ ಹುಡುಗನಾಗಿದ್ದಾಗ ರಸ್ತೆ ಕೆಲಸದ ಅಧಿಕಾರಿಯೊಬ್ಬನಿಗೆ ಡ್ರೈವರ್ ಆಗಿದ್ದ. ಭಾನುವಾರ ಬಂತೆಂದರೆ ಆ ಮಹಾಶಯ ತೆರೆದ ಲಾರಿಯ ಹಿಂಭಾಗದಲ್ಲಿ ರೈಫಲ್ ಹಿಡಿದು ನಿಲ್ಲುವನು, ಎಲಿಫಾಸ್ ಮೃಗಗಳ ಹಿಂದೆ ಲಾರಿ ಓಡಿಸಬೇಕು. "ಐದಕ್ಕೆ ಗುಂಡು ತಾಗ್ತಿತ್ತು, ಎರಡು ಹೇರ್ಕೊಂಡ್ ಬರ್ತಿದ್ವಿ. ಉಳಿದ ಮೂರು ಎಲ್ ಹೋದ್ವು ಸಾರ್ ಅಂತ ಒಂದ್ಸಲ ಕೇಳ್ದೆ. ಮುಂದೆ ನೋಡ್ಕೊಂಡ್ ಓಡ್ಸು ಅಂದ," ಎಂದು ಎಲಿಫಾಸ್ ಹೇಳುತ್ತಾನೆ. ಸೋಮವಾರ ರಜೆ ಹಾಕಿ ಆ ಮೂರರ ಹೆಜ್ಜೆ ಹಿಡಿದು ನಡೆದುಹೋಗಿ ಹುಡುಕುತ್ತಿದ್ದನಂತೆ. ಹೆಜ್ಜೆ ಓದುವ ವಿದ್ಯೆ ಕಲಿತದ್ದು ಹಾಗೆ ಎನ್ನುತ್ತಾನೆ.

ಮುಂದೆ ಕಾಲ ಬದಲಾಯಿತು. ನಿಮ್ಮ ಸೀಮೆಯ ಮೃಗಗಳನ್ನು ನೀವೇ ಕಾಯಿರಿ, ವರ್ಷಕ್ಕೊಮ್ಮೆ ಎಣಿಸಿ, ಎಣಿಕೆಗೆ ತಕ್ಕಂತೆ ಇಷ್ಟು ಎಂದು ಮಾಂಸಕ್ಕೆ ಹೊಡೆದುಕೊಳ್ಳಿ ಎಂದು ಸರ್ಕಾರ ಹೇಳಿತು. ನಾವು ಸಂಘ ಕಟ್ಟಿದೆವು. ಎಲಿಫಾಸ್ ಕಾವಲುಗಾರನಾದ, ನಾನು ಸೆಕ್ರೆಟರಿಯಾದೆ. ಮೊದಲ ವರ್ಷ ಪಿಕಪ್ಪಿನಲ್ಲಿ ಇಡೀ ದಿನ ಸುತ್ತಿ ನಾವು ಕಂಡದ್ದು ಹದಿನಾಲ್ಕು ಓರಿಕ್ಸ್. ಹದಿನಾಲ್ಕರದೂ ಬೆನ್ನಭಾಗ ಮಾತ್ರ. ದೂರದಲ್ಲಿ ಧೂಳೆದ್ದರೆ ಸಾಕು, ಗುಡ್ಡದ ಆಚೆ ಹಾರಿಬಿಡುತ್ತಿದ್ದವು. ನೂರಕ್ಕೂ ಮೇಲಿವೆ, ಹೆಜ್ಜೆ ತೋರಿಸುತ್ತೇನೆ ಬನ್ನಿ ಎಂದು ಎಲಿಫಾಸ್ ಎಣಿಕೆಗೆ ಬಂದಿದ್ದ ಸರ್ಕಾರದವನನ್ನು ಅಂಗಲಾಚಿದ. ಸರ್ಕಾರದವನು ಹೆಜ್ಜೆಗಳನ್ನು ಎಣಿಸುವವನಲ್ಲ. ಹದಿನಾಲ್ಕು ಎಂದು ಬರೆದುಕೊಂಡ. ಆ ವರ್ಷ ನಲವತ್ತು ಮನೆಗೆ ಒಂದು ಓರಿಕ್ಸ್ ಸಿಕ್ಕಿತು.

ಅಂದಿನಿಂದ ಎಲಿಫಾಸನ ಕಟ್ಟಳೆಗಳು ಶುರುವಾದವು. ಪಿಕಪ್ಪಿನಿಂದ ಗುಂಡು ಹಾರಿಸುವಂತಿಲ್ಲ. ಅದರಲ್ಲಿ ರೈಫಲ್ ಇಡುವಂತಿಲ್ಲ. ರಕ್ತದ ವಾಸನೆ ಹತ್ತಬಾರದು, ಆದ್ದರಿಂದ ಮಾಂಸ ಕತ್ತೆಗಾಡಿಯಲ್ಲಿ. ಮೃಗಗಳಿಗೆ ಅಭ್ಯಾಸವಾಗಲೆಂದು ವಾರಕ್ಕೆರಡು ಸಲ ಗಾಡಿ ಓಡಬೇಕು, ಅದೇ ದಾರಿ, ಅದೇ ನಿಧಾನ. ಮೃಗದ ಮುಂದೆ ಗಾಡಿಯಿಂದ ಯಾರೂ ಇಳಿಯುವಂತಿಲ್ಲ. ಬೇಟೆಗೆ ಹೋಗುವಾಗ ಮನೆಯಿಂದಲೇ ನಡಿಗೆ. ಪಾದ್ರಿಗಳು ಇದರಲ್ಲಿ ಕರುಣೆಯನ್ನು ಕಂಡು ಚರ್ಚಿನಲ್ಲಿ ಹೊಗಳಿದರು. ಎಲಿಫಾಸನಿಗೆ ಮುಜುಗರವಾಯಿತು. "ಪಾಪ ಪುಣ್ಯ ಅವ್ರು ನೋಡ್ಕೊಳ್ಲಿ. ನಂಗೆ ಎಣಿಸೋಕೆ ಮೃಗ ಮುಖ ತೋರಿಸಿದ್ರೆ ಸಾಕು." ಹೋದ ವರ್ಷ ಇನ್ನೂರ ಹನ್ನೆರಡು ಮುಖ ತೋರಿಸಿದವು. ಕ್ರಿಸ್‌ಮಸ್ಸಿಗೆ ಮನೆಮನೆಗೂ ಮಾಂಸ ಹೋಯಿತು.

ಇನ್ನು ನಮ್ಮ ಚೇರ್ಮನ್ ಬೆನೆಡಿಕ್ಟಸ್ ಊಯ್ಸೆಬ್. ಸಂಘದ ರಬ್ಬರ್ ಮೊಹರನ್ನು ಅಂಗಿಯ ಜೇಬಿನಲ್ಲೇ ಇಟ್ಟುಕೊಂಡು ಓಡಾಡುವವರು. ಎಲ್ಲಿ ಯಾವಾಗ ಮೊಹರು ಒತ್ತಬೇಕಾಗಿ ಬರುತ್ತದೋ ಹೇಳಲಾಗದು ಎಂಬುದು ಅವರ ವಾದ. ತಮ್ಮನ್ನು "ನಾವು" ಎಂದುಕೊಳ್ಳುತ್ತಾರೆ. ಎಲಿಫಾಸನ ಸೋದರತ್ತೆಯ ಮಗ. ನಮ್ಮ ಜನರಲ್ಲಿ ಅತ್ತೆಮಕ್ಕಳು ಮಾವನ ಮಕ್ಕಳು ಒಬ್ಬರನ್ನೊಬ್ಬರು ಏನೆಂದರೂ ಸಿಟ್ಟಾಗುವಂತಿಲ್ಲ. ಹಾಗಾಗಿ ಇಡೀ ಊರಿನಲ್ಲಿ ಚೇರ್ಮನ್ನರ ಮುಂದೆ ಅವರ ಡೊಳ್ಳುಹೊಟ್ಟೆಯ ಸುದ್ದಿ ಎತ್ತಬಲ್ಲವನು ಎಲಿಫಾಸ್ ಒಬ್ಬನೇ.

ಈ ಮೇ ತಿಂಗಳಲ್ಲಿ, ನಮ್ಮಲ್ಲಿ ಚಳಿ ಶುರುವಾಗುವ ಹೊತ್ತಿಗೆ, ಎಣಿಕೆಗೆ ಹತ್ತು ದಿನ ಇರುವಾಗ, ಉಪಮಂತ್ರಿಗಳು ನಮ್ಮ ಹೊಸ ನೀರಿನ ಟ್ಯಾಂಕ್ ಉದ್ಘಾಟನೆಗೆ ಬರುವುದು ಗೊತ್ತಾಯಿತು. ಉಪಮಂತ್ರಿಗಳಿಗೆ ಓರಿಕ್ಸ್ ಮಾಂಸದ ಊಟ ಹಾಕುತ್ತೇವೆಂದು ಚೇರ್ಮನ್ ಫೋನಿನಲ್ಲಿ ಮಾತು ಕೊಟ್ಟುಬಿಟ್ಟರು. "ನಾವೇ ಹೊಡೆದದ್ದು" ಎಂದೂ ಸೇರಿಸಿದರು. ಸಮಾರಂಭ ಶನಿವಾರ. ಅವರು ಆಫೀಸಿಗೆ ಬಂದು ನನಗೂ ಎಲಿಫಾಸನಿಗೂ ಇದನ್ನು ತಿಳಿಸಿದ್ದು ಶುಕ್ರವಾರ ಬೆಳಗ್ಗೆ.

"ಬೀಗದ ಕೈ ಕೊಡು ಭಾವ. ಒಂದ್ ಗಂಟೆ ಕೆಲ್ಸ."

"ಗಾಡಿಯಿಂದ ಆಗಲ್ಲ. ನಡಿ, ನಡ್ಕೊಂಡ್ ಹೋಗಣ."

"ನಡಿಯೋದಾ? ನಾವು ಚೇರ್ಮನ್ ಕಣಯ್ಯ!"

"ಅದಕ್ಕೇ ಹೇಳ್ದೆ. ನಡೆದ್ರೆ ಚೇರ್ಮನ್ ಸ್ವಲ್ಪ ಕಡಿಮೆ ಆಗ್ತಾರೆ," ಎಂದು ಎಲಿಫಾಸ್ ಅವರ ಹೊಟ್ಟೆಯ ಕಡೆ ನೋಡಿದ.

ಚೇರ್ಮನ್ ನಗಲೇಬೇಕಾಯಿತು. ಆದರೆ ಅವರೂ ಹಿಂದೊಮ್ಮೆ ಒಳ್ಳೆಯ ಗುರಿಗಾರರು, ಬೇಟೆಯ ವಿಷಯ ಬಲ್ಲವರು. "ನ್ಯಾಯ ಮಾತಾಡಣ. ಗಾಡಿ ತಲೆ ಮೇಲೆ ಮರಳುಚೀಲ ಇಟ್ಟು ಅದ್ರ ಮೇಲೆ ರೈಫಲ್ ಊರಿದ್ರೆ ಕೈ ನಡುಗಲ್ಲ, ಗುಂಡು ನೇರ ಹೋಗತ್ತೆ, ಮೃಗ ಅಲ್ಲೇ ಬೀಳತ್ತೆ. ನಡ್ಕೊಂಡ್ ಹೋಗಿ ಏದುಸಿರು ಬಿಡ್ತಾ ಹೊಡೆದ್ರೆ ಕಾಲಿಗೋ ಹೊಟ್ಟೆಗೋ ತಾಗಿ ನರಳತ್ತೆ. ಯಾವ್ದು ಪಾಪ ಹೇಳು?"

ಈ ಮಾತು ನನಗಂತೂ ಸರಿಯೆನಿಸಿತು. ಎಲಿಫಾಸನೂ ತಲೆಯಾಡಿಸಿದ.

"ಒಪ್ಪಿದೆ. ಮೊದಲ್ನೇದು ಅಲ್ಲೇ ಬೀಳತ್ತೆ. ಮುಂದಿನ್ ಸಲ ಈ ಗಾಡಿ ಕಂಡ್ರೆ ಮುನ್ನೂರು ಹೆಜ್ಜೆ ದೂರ ನಿಲ್ತವೆ. ಅದರ್ ಮುಂದಿನ್ ಸಲ ಆರ್ನೂರು. ಆರ್ನೂರು ಹೆಜ್ಜೆಯಿಂದ ನಿನ್ ಮರಳುಚೀಲ ಏನ್ ಮಾಡತ್ತೆ? ಇನ್ನು ಹತ್ತು ದಿನಕ್ಕೆ ನಾನು ಏನನ್ನ ಎಣಿಸ್ಲಿ, ಧೂಳನ್ನಾ?"

"ಒಂದೇ ಒಂದು ಗುಂಡಿಗೆ ಇಷ್ಟೆಲ್ಲಾ ಆಗತ್ತೇನಯ್ಯ?"

"ಬಾ, ತೋರಿಸ್ತೀನಿ. ಎಷ್ಟು ವರ್ಷ ಆಯ್ತು ನೀನು ಅತ್ಲಾಗೆ ಬಂದು? ಕಣ್ಣಾರೆ ನೋಡು. ನೋಡಿದ್ ಮೇಲೂ ಹೊಡೀಬೇಕು ಅನ್ಸಿದ್ರೆ ಬೀಗದ ಕೈ ನಿಂದೇ."

ಎಲಿಫಾಸ್ ಮಾಡಿದ ತಪ್ಪು ಇದು. ತಾನು ಕಂಡದ್ದನ್ನು ಎಲ್ಲರೂ ತನ್ನ ಕಣ್ಣಿನಿಂದಲೇ ಕಾಣುತ್ತಾರೆಂದು ತಿಳಿದ. ಚೇರ್ಮನ್ ರೈಫಲನ್ನು ಕಂಬಳಿಯಲ್ಲಿ ಸುತ್ತಿ ತಂದದ್ದಕ್ಕೂ, ಆಡಿದ ಮಾತಿಗೆ ಕಟ್ಟುಬಿದ್ದು, ಸುಮ್ಮನಿದ್ದ. ಚೇರ್ಮನ್ ಮುಂದೆ ಕುಳಿತರು, ನಾನು ಹಿಂದೆ. ಹುಲ್ಡಾ ಅಂಗಳದಲ್ಲಿ ಕತ್ತೆ ಕಟ್ಟುತ್ತ, "ಚೇರ್ಮನ್ರೇ, ನಾನು ಹಿಂದಿಂದೇ ಬರ್ತೀನಿ. ಮೃಗ ಸಿಗ್ದಿದ್ರೆ ನಿಮ್ಮನ್ನಾದ್ರೂ ಹೇರ್ಕೊಂಡ್ ಬರ್ಬೇಕಲ್ಲ," ಎಂದಳು.

ಒಣಹೊಳೆ ದಾಟಿ ಕೆಂಪುಕಲ್ಲಿನ ಬಯಲಿಗೆ ಬಂದಾಗ ಮೂವತ್ತಕ್ಕೂ ಹೆಚ್ಚು ಓರಿಕ್ಸ್‌ಗಳು ಮೇಯುತ್ತಿದ್ದವು. ಎಲಿಫಾಸ್ ನಿಧಾನವಾಗಿ ಅವುಗಳ ಮಗ್ಗುಲಿಗೇ ಗಾಡಿ ಬಿಟ್ಟು ಎಂಜಿನ್ ನಿಲ್ಲಿಸಿದ. ನಲವತ್ತು ಹೆಜ್ಜೆ ದೂರ. ನೀಳ ಕೊಂಬುಗಳು, ಕಪ್ಪು ಬಿಳುಪಿನ ಮುಖಗಳು. ಒಂದು ತಾಯಿ ನಮ್ಮ ಕಡೆ ಬೆನ್ನು ಹಾಕಿ ಮರಿಗೆ ಹಾಲು ಕೊಡತೊಡಗಿತು. ಎಲಿಫಾಸ್ ಹೆಮ್ಮೆಯಿಂದ ಭಾವನ ಮುಖ ನೋಡಿದ.

ಚೇರ್ಮನ್ನರ ಕಣ್ಣಲ್ಲಿ ನೀರಾಡುತ್ತಿತ್ತು. "ಭಾವ," ಎಂದರು ಪಿಸುದನಿಯಲ್ಲಿ, "ಎಂಥಾ ಕೆಲ್ಸ ಮಾಡಿದೀಯ! ಫೋಟೋಗೆ ನಿಂತಂಗೆ ನಿಂತಿದಾವಲ್ಲೋ! ನಮ್ಮಜ್ಜಿನೂ ಹೊಡೀಬಹುದು ಇಲ್ಲಿಂದ!" ಎನ್ನುತ್ತ ಕಂಬಳಿ ಬಿಚ್ಚಿ ರೈಫಲಿನ ನಳಿಗೆಯನ್ನು ಕಿಟಕಿಯಿಂದ ಹೊರಗಿಟ್ಟರು.

ಹನ್ನೊಂದು ವರ್ಷದ ದುಡಿಮೆ ಆ ಕಿಟಕಿಯ ಅಂಚಿನಲ್ಲಿ ನಿಂತಿತ್ತು. ಹಾರ್ನ್ ಒತ್ತಿದರೆ ಮೃಗಗಳು ಓಡುತ್ತವೆ, ಆದರೆ ಗಾಡಿಗೆ ಹೆದರಿ ಓಡುತ್ತವೆ. ಎಂಜಿನ್ ಅಬ್ಬರಿಸಿದರೂ ಅಷ್ಟೇ. ಎಲಿಫಾಸ್ ಬೀಗದ ಕೈಯನ್ನು ಕಿತ್ತು ಚೇರ್ಮನ್ನರ ತೊಡೆಯ ಮೇಲೆ ಹಾಕಿದ. "ತಗೋ, ಮಾತು ಕೊಟ್ಟಿದ್ದೆ," ಎಂದ. ಬಾಗಿಲು ತೆರೆದು ಕೆಳಗಿಳಿದ. ಗಾಡಿಯ ಮುಂದಿನಿಂದ ಹಾದು, ಟೋಪಿ ಬೀಸುತ್ತ, ನೆಟ್ಟಗೆ ಮಂದೆಯ ಕಡೆಗೇ ನಡೆದ.

ಎರಡು ಕಾಲಿನ ಪ್ರಾಣಿ ಕಂಡದ್ದೇ ತಡ, ಅಷ್ಟೂ ಓರಿಕ್ಸ್‌ಗಳು ಒಟ್ಟಿಗೆ ಕಾಲ್ತೆಗೆದವು. ಕಲ್ಲಿನ ಇಳಿಜಾರು ಹತ್ತಿ, ಗಾಡಿ ಏರಲಾಗದ ಜಾಗಕ್ಕೆ ಹೋಗಿ, ಅಲ್ಲಿ ನಿಂತು ತಿರುಗಿ ನೋಡಿದವು. ನೋಡಿದ್ದು ಪಿಕಪ್ಪನ್ನಲ್ಲ, ಎಲಿಫಾಸನನ್ನು.

"ಏನೋ ಮಾಡ್ದೆ, ಮನೆಹಾಳ!" ಎಂದು ಚೇರ್ಮನ್ ಕೂಗಿದರು. "ಕೆಲ್ಸದಿಂದ ತೆಗೀತೀನಿ ನಿನ್ನ! ಇವತ್ತೇ ಮೊಹರು ಒತ್ತತೀನಿ!"

"ಒತ್ತು. ಆದ್ರೆ ನಾಳೆ ಊಟಕ್ಕೆ ಮೊಹರು ಬೇಯಿಸಕ್ಕಾಗಲ್ಲ," ಎಂದ ಎಲಿಫಾಸ್ ತಿರುಗದೆಯೇ. "ಅವು ಓಡಿದ್ದು ನನ್ನ ನೋಡಿ. ಓಡ್ಲಿ, ಮನುಷ್ಯನ್ನ ನೋಡಿ ಓಡೋದು ನ್ಯಾಯ. ಗಾಳಿ ಗುಡ್ಡದ ಆಚೆಗೆ ಬೀಸ್ತಿದೆ, ಹಿಂದಿಂದ ಹೋದ್ರೆ ಅವಕ್ಕೆ ನಮ್ ವಾಸನೆ ಹತ್ತಲ್ಲ. ರೈಫಲ್ ತಗೊಂಡು ಬಾ. ಬೀಗದ ಕೈ ಸೆಕ್ರೆಟರಿ ಹತ್ರ ಕೊಡು, ಬೀಳಿಸ್ಕೋತೀಯ."

ಚೇರ್ಮನ್ ಐದು ನಿಮಿಷ ಗಾಡಿಯಲ್ಲಿ ಚೇರ್ಮನ್ ಆಗಿಯೇ ಕುಳಿತಿದ್ದರು. ಆಮೇಲೆ ಉಪಮಂತ್ರಿಗಳು ನೆನಪಾಗಿರಬೇಕು. ಇಳಿದರು.

ಮುಂದಿನ ಎರಡು ಗಂಟೆ ನಾವು ಇಳಿಜಾರನ್ನು ಬಳಸಿಕೊಂಡು ಗುಡ್ಡದ ಹಿಂದಿನಿಂದ ಹತ್ತಿದೆವು. ಮೊದಲು ನಡೆದೆವು, ಆಮೇಲೆ ಬಗ್ಗಿದೆವು, ಕೊನೆಗೆ ಹೊಟ್ಟೆಯ ಮೇಲೆ ತೆವಳಿದೆವು. ಚೇರ್ಮನ್ನರ ವಿಷಯದಲ್ಲಿ ಈ ಕೊನೆಯದಕ್ಕೂ ಅದರ ಹಿಂದಿನದಕ್ಕೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಮುಳ್ಳಿಗೆ ಅಂಗಿ ಹರಿಯಿತು. ಜೇಬಿನ ಮೊಹರು ಕಲ್ಲುಸಂದಿಗೆ ಜಾರಿತು. ನಾನು ಹೆಕ್ಕಿ ಇಟ್ಟುಕೊಂಡೆ. "ಇದನ್ನ ನಮ್ ಹೆಂಡ್ತಿಗೆ ಹೇಳ್ಬೇಡ್ರಪ್ಪ," ಎಂದು ಒಮ್ಮೆ ಪಿಸುಗುಟ್ಟಿದರು. ಅವರ "ನಾವು" ಆ ಹೊತ್ತಿಗೆ ಮೂವರಿಗೂ ಸರಿಯಾಗಿ ಹೊಂದುತ್ತಿತ್ತು.

ಮಂದೆಯ ಅಂಚಿನಲ್ಲಿ ಒಂದು ಎಳೆಯ ಗಂಡು ಒಂಟಿಯಾಗಿ ನಿಂತಿತ್ತು. ನೂರು ಹೆಜ್ಜೆ. ಎಲಿಫಾಸ್ ಮೂರು ಕೋಲುಗಳನ್ನು ತುದಿಯಲ್ಲಿ ಒಟ್ಟಿಗೆ ಕಟ್ಟಿ ಕವೆಯಂತೆ ಊರಿ ಅದರ ಮೇಲೆ ರೈಫಲನ್ನಿಟ್ಟ. ಚೇರ್ಮನ್ನರ ಎದೆ ತಿದಿಯಂತೆ ಏರಿಳಿಯುತ್ತಿತ್ತು.

"ಈಗ್ಲೇ ಬೇಡ. ಉಸಿರು ಇಳೀಲಿ."

"ಓಡಿಹೋದ್ರೆ?"

"ಹೋದ್ರೆ ಮತ್ತೆ ನಡಿಯಣ. ಉಸಿರು ಇಳೀಲಿ ಭಾವ."

ನಾನು ನನ್ನ ಉಸಿರನ್ನೇ ಎಣಿಸುತ್ತ ಮಲಗಿದ್ದೆ. ಬಹಳ ಹೊತ್ತಾದ ಮೇಲೆ ಗುಂಡು ಹಾರಿತು. ಮೃಗ ಇಪ್ಪತ್ತು ಹೆಜ್ಜೆ ಓಡಿ ಮಂಡಿಯೂರಿ ಬಿತ್ತು, ಮತ್ತೆ ಏಳಲಿಲ್ಲ. ಹತ್ತಿರ ಹೋಗಿ ನೋಡಿದಾಗ ಗುಂಡು ಭುಜದ ಹಿಂದೆ, ಇರಬೇಕಾದ ಜಾಗದಲ್ಲೇ ಇತ್ತು. ಚೇರ್ಮನ್ ಅದರ ಕುತ್ತಿಗೆಯ ಮೇಲೆ ಕೈಯಿಟ್ಟು ಕುಳಿತರು.

ಹುಲ್ಡಾ ಕತ್ತೆಗಾಡಿಯೊಂದಿಗೆ ಬಂದಾಗ ಮಧ್ಯಾಹ್ನ ಕಳೆದಿತ್ತು. ಹರಿದ ಅಂಗಿ ನೋಡಿ, "ಇದೇನು ಚೇರ್ಮನ್ರೇ, ಓರಿಕ್ಸ್ ಕುಸ್ತಿಗೆ ಬಂದಿತ್ತಾ?" ಎಂದು ಕೇಳಿದಳು. ಪಿಕಪ್ಪಿನಲ್ಲಿ ಕೂರುವುದಕ್ಕೆ ಎಲಿಫಾಸ್ ಚೇರ್ಮನ್ನರಿಗೆ ಅವಕಾಶ ಕೊಡಲಿಲ್ಲ. ಅವರ ಕೈಗೂ ಪ್ಯಾಂಟಿಗೂ ರಕ್ತವಾಗಿತ್ತು. ಹಾಗಾಗಿ ನಮ್ಮ ಚೇರ್ಮನ್ ತಮ್ಮ ಮೃಗದ ಪಕ್ಕದಲ್ಲಿ ಕುಳಿತು, ಕತ್ತೆಗಾಡಿಯಲ್ಲಿ, ಹಾಡುಹಗಲಲ್ಲಿ ಊರನ್ನು ಪ್ರವೇಶಿಸಿದರು. ಜನ ಚಪ್ಪಾಳೆ ತಟ್ಟಿದರು. ಸಂಘ ಹುಟ್ಟಿದಾಗಿನಿಂದ ಯಾವ ಚೇರ್ಮನ್ನರಿಗೂ ಇಂಥ ಮೆರವಣಿಗೆ ಆಗಿರಲಿಲ್ಲ. ಇದು ಅವರ ಮನಸ್ಸಿಗೆ ಹಿಡಿಸಿತೆಂದು ನನ್ನ ಅಂದಾಜು.

ಯಾಕೆಂದರೆ ಶನಿವಾರದ ಭಾಷಣದಲ್ಲಿ ಟ್ಯಾಂಕಿನ ವಿಷಯ ಎರಡೇ ವಾಕ್ಯದಲ್ಲಿ ಮುಗಿಯಿತು. ಉಳಿದದ್ದೆಲ್ಲ ಬೇಟೆ. ಎರಡು ಗಂಟೆಯ ನಡಿಗೆ ಆರು ಗಂಟೆಯಾಗಿತ್ತು, ನೂರು ಹೆಜ್ಜೆ ಇನ್ನೂರೈವತ್ತಾಗಿತ್ತು. "ಗಾಡಿಯಿಂದ ಗುಂಡು ಹಾರಿಸೋದು ನಮ್ಮ ಸಂಘದಲ್ಲಿ ನಡೆಯೋದಿಲ್ಲ! ಇದು ನಾವೇ ಮಾಡಿದ ನಿರ್ಧಾರ!" ಎಂದು ಮೇಜು ಗುದ್ದಿದರು. ಉಪಮಂತ್ರಿಗಳು ಎರಡನೆಯ ಸಲ ಮಾಂಸ ಬಡಿಸಿಕೊಂಡು ಮೆಚ್ಚಿಗೆ ಸೂಚಿಸಿದರು. ನಾನು ಅದನ್ನು ಎಲಿಫಾಸನ ಉಳಿದ ಕಟ್ಟಳೆಗಳ ಜೊತೆ ನಿಯಮಗಳ ಪುಸ್ತಕದಲ್ಲಿ ಬರೆದೆ, ಚೇರ್ಮನ್ ಮೊಹರು ಒತ್ತಿದರು. ಎಲಿಫಾಸ್ ಹಿಂದಿನ ಸಾಲಿನಲ್ಲಿ ಜೋಳದ ಮುದ್ದೆಯ ಜೊತೆ ಓರಿಕ್ಸಿನ ಲಿವರ್ ಮುಗಿಸುತ್ತಿದ್ದ. "ಒಳ್ಳೆ ನಿರ್ಧಾರ ಚೇರ್ಮನ್ರೇ," ಎಂದ. ಅವನ ಮುಖದಲ್ಲಿ ನಗೆಯನ್ನು ನಾನು ಹುಡುಕಿದೆ, ಸಿಗಲಿಲ್ಲ. ತನಗೆ ಬೇಕಾದದ್ದು ಸಿಕ್ಕಿದ ಮೇಲೆ ಅದು ಯಾರ ಹೆಸರಲ್ಲಿದ್ದರೆ ಅವನಿಗೇನು?

ಆದರೆ ಅವನು ಆ ಒಂದು ವಾರ ಸರಿಯಾಗಿ ನಿದ್ದೆ ಮಾಡಲಿಲ್ಲವೆಂದು ಹುಲ್ಡಾ ಹೇಳಿದಳು. ಕಿಟಕಿಯಿಂದ ನಳಿಗೆ ಹೊರಬಂದದ್ದನ್ನು ಮೃಗಗಳು ನೋಡಿದವೋ ಇಲ್ಲವೋ, ಗಾಡಿಯಿಂದ ಮನುಷ್ಯ ಇಳಿದದ್ದು ಗಾಡಿಯ ಲೆಕ್ಕಕ್ಕೆ ಹೋಯಿತೋ ಮನುಷ್ಯನ ಲೆಕ್ಕಕ್ಕೋ ಎಂಬ ಚಿಂತೆ.

ಎಣಿಕೆಯ ದಿನ ಬೆಳಗ್ಗೆ ಕೊರೆಯುವ ಚಳಿ. ಸರ್ಕಾರದವನೂ ನಾನೂ ಹಿಂದೆ ಕುಳಿತೆವು. ಈಗ ಮೃಗಗಳ ವಿಷಯದಲ್ಲಿ ತಾವೇ ತಜ್ಞರೆಂದು ಚೇರ್ಮನ್ ಮುಂದೆ ಕುಳಿತರು, ಮೂರು ಲೋಟ ಚಹಾ ಕುಡಿದು. ಕೆಂಪುಕಲ್ಲಿನ ಬಯಲಿಗೆ ಬರುವಾಗ ಎಲಿಫಾಸ್ ಮಾತು ನಿಲ್ಲಿಸಿದ. ತಿರುವು ದಾಟಿದೆವು.

ಬಯಲ ತುಂಬ ಓರಿಕ್ಸ್‌ಗಳು. ಹತ್ತಿರದ್ದೊಂದು ತಲೆಯೆತ್ತಿತು. ಪಿಕಪ್ಪನ್ನು ನೋಡಿತು, ನೋಡುತ್ತಲೇ ಇತ್ತು. ಆಮೇಲೆ ತಲೆ ತಗ್ಗಿಸಿ ಹುಲ್ಲು ಕಚ್ಚಿತು.

ಎಲಿಫಾಸ್ ಒಂದು ಉದ್ದ ಉಸಿರು ಬಿಟ್ಟು ಎಣಿಸತೊಡಗಿದ. ಇಪ್ಪತ್ತಕ್ಕೆ ಬರುವಷ್ಟರಲ್ಲಿ ಚೇರ್ಮನ್ ಕುಳಿತಲ್ಲೇ ಮಿಸುಕಾಡಿದರು.

"ಭಾವ, ಸ್ವಲ್ಪ ನಿಲ್ಸು. ಇಳೀಬೇಕು. ಚಹಾ ಜಾಸ್ತಿ ಆಯ್ತು."

"ಮೃಗದ ಮುಂದೆ ಯಾರೂ ಇಳಿಯಂಗಿಲ್ಲ. ಇಪ್ಪತ್ಮೂರು, ಇಪ್ಪತ್ನಾಕು."

"ಚೇರ್ಮನ್ನೂ?"

"ಮೊಹರು ಒತ್ತಿದೋರು ಯಾರು? ಇಪ್ಪತ್ತೇಳು."

ಗಾಡಿ ನಡಿಗೆಯ ವೇಗದಲ್ಲಿ ಸಾಗಿತು. ಮೃಗಗಳು ಮುಗಿಯುವಂತೆ ಕಾಣಲಿಲ್ಲ. ಐವತ್ತರ ಹೊತ್ತಿಗೆ ಚೇರ್ಮನ್ ಕಣ್ಣು ಮುಚ್ಚಿಕೊಂಡರು. ಅರವತ್ತೆರಡರಲ್ಲಿ ಒಂದು ಮರಿ ತಾಯಿಯ ಹಿಂದೆ ಮರೆಯಾಯಿತೆಂದು ಎಲಿಫಾಸ್ ಗಾಡಿ ನಿಲ್ಲಿಸಿ, ಅದು ಈಚೆ ಬರುವವರೆಗೆ ಕಾದ. ಚೇರ್ಮನ್ ದೇವರ ಹೆಸರು ಹೇಳಿದರು. ಆ ಬಯಲೊಂದರಲ್ಲೇ ಎಂಬತ್ತೊಂಬತ್ತಾಯಿತು.

"ಎಂಬತ್ತೊಂಬತ್ತು. ಬರ್ಕೋ ಸೆಕ್ರೆಟರಿ," ಎಂದು ಎಲಿಫಾಸ್ ಕೂಗಿದ. "ಮುಂದೆ ಆ ಗುಡ್ಡದ ಮರೆಗೆ ನಿಲ್ಲಿಸ್ತೀನಿ ಭಾವ. ನಿಧಾನಕ್ಕೆ ಹೋಗಣ, ಧೂಳೆಬ್ಬಿಸೋದು ಬೇಡ."